ತಪ್ಪಿತಸ್ಥರೆಲ್ಲ ನಮ್ಮವರೇ

ಯಸುಜಿರೊ ಓಝು 1953ರಲ್ಲಿ ನಿರ್ದೇಶಿಸಿದ ‘ಟೋಕಿಯೋ ಸ್ಟೋರಿ’ಯಲ್ಲಿ ಶಿಗೆ ಎಂಬ ಮಗಳೊಬ್ಬಳಿದ್ದಾಳೆ. ವಯಸ್ಸಾದ ತಂದೆ ತಾಯಿ ದೂರದ ಊರಿನಿಂದ ಅವಳ ಮನೆಗೆ ಬಂದಿರುವಾಗ, ಇವರು ಯಾರೆಂದು ಬ್ಯೂಟಿ ಪಾರ್ಲರಿನ ಗಿರಾಕಿ ಕೇಳಿದರೆ, ಊರ ಕಡೆಯ ಪರಿಚಯದವರು ಎಂದು ಹೇಳಿ ಮಾತು ಮುಗಿಸುತ್ತಾಳೆ. ಅವರನ್ನು ಮನೆಯಲ್ಲಿಟ್ಟುಕೊಂಡು ಉಪಚರಿಸುವುದಕ್ಕಿಂತ ಅದೇ ಅಗ್ಗವೆಂದು ಅಣ್ಣನೊಡನೆ ಲೆಕ್ಕ ಹಾಕಿ, ಇಬ್ಬರನ್ನೂ ಬಿಸಿನೀರ ಬುಗ್ಗೆಗಳಿರುವ ಅತಾಮಿಗೆ ಸಾಗಹಾಕುತ್ತಾಳೆ. ತಾಯಿಗೆ ಕಾಯಿಲೆ ವಿಪರೀತವಾಗಿದೆಯೆಂಬ ಸುದ್ದಿ ಬಂದಾಗ, ಹೊರಡುವ ಮೊದಲೇ ಶೋಕದ ಉಡುಪನ್ನು ಜೊತೆಗೆ ಒಯ್ಯಬೇಕೇ ಎಂದು ಯೋಚಿಸುವವಳೂ ಅವಳೇ. ಅಂತ್ಯಸಂಸ್ಕಾರ ಮುಗಿದು ಎಲ್ಲರೂ ಊಟಕ್ಕೆ ಕುಳಿತಾಗ, ತಾಯಿಯ ಬಟ್ಟೆಗಳಲ್ಲಿ ನೆನಪಿಗೆಂದು ತನಗೆ ಬೇಕಾದವನ್ನು ಹೆಸರಿಸಿ ಕೇಳುತ್ತಾಳೆ. ಇಷ್ಟೆಲ್ಲ ಆದರೂ, ತಾಯಿ ತೀರಿಕೊಂಡಾಗ ಬಿಕ್ಕಿ ಬಿಕ್ಕಿ ಅಳುವವಳೂ ಇದೇ ಶಿಗೆ, ಮತ್ತು ಆ ಅಳುವಿನಲ್ಲಿ ನಟನೆಯಿಲ್ಲ.

ಆ ಚಿತ್ರದ ಕುರಿತು ಬರೆಯುವವರು ಸಾಮಾನ್ಯವಾಗಿ ವಿಧವೆ ಸೊಸೆ ನೊರಿಕೊಳನ್ನು ಕೊಂಡಾಡುತ್ತಾರೆ. ಅದು ನ್ಯಾಯವೇ, ಹೆತ್ತ ಮಕ್ಕಳಿಗಿಂತ ಅವಳೇ ಆ ವೃದ್ಧರನ್ನು ಚೆನ್ನಾಗಿ ನೋಡಿಕೊಂಡವಳು. ಆದರೆ ನನ್ನನ್ನು ಹೆಚ್ಚು ಕಾಡುವವಳು ಶಿಗೆ. ತಾಯಿಯ ಸಾವನ್ನು ಮುಂಚಿತವಾಗಿ ಊಹಿಸಿ ಶೋಕದ ಉಡುಪು ತರುವ ಅವಳ ವ್ಯಾವಹಾರಿಕತೆ ನೋಡುವವರಿಗೆ ಕಠೋರವಾಗಿ ಕಾಣುತ್ತದೆ. ಆದರೆ ಆ ಉಡುಪು ನಿಜವಾಗಿ ಬೇಕಾದ ಗಳಿಗೆಯಲ್ಲಿ, ಒಳ್ಳೆಯ ಮನಸ್ಸಿನ ನೊರಿಕೊ ಅದನ್ನು ತಂದಿರುವುದಿಲ್ಲ. ಹೊಟ್ಟೆಪಾಡಿನ ಅಂಗಡಿಯನ್ನು ನಡೆಸುತ್ತಿರುವ, ಪ್ರತಿಯೊಂದಕ್ಕೂ ವೇಳೆ ಮತ್ತು ಖರ್ಚಿನ ಲೆಕ್ಕವಿಟ್ಟು ಬದುಕುವ ಒಬ್ಬ ಹೆಂಗಸಿನ ಬುದ್ಧಿ ಅದು, ಮತ್ತು ಅದೇ ಬುದ್ಧಿ ಅವಳ ಮನೆಯನ್ನು ನಿಲ್ಲಿಸಿದೆ. ಓಝು ಅವಳಿಗೆ ಶಿಕ್ಷೆ ಕೊಡುವುದಿಲ್ಲ, ಪಶ್ಚಾತ್ತಾಪದ ದೃಶ್ಯವೊಂದನ್ನೂ ಬರೆಯುವುದಿಲ್ಲ. ಅಕ್ಕನ ಸ್ವಾರ್ಥದ ಬಗ್ಗೆ ಕಿರಿಯ ಮಗಳು ಸಿಡಿಮಿಡಿಗೊಂಡಾಗ, ಮಕ್ಕಳಿಗೆ ಅವರವರ ಬದುಕು ಬಂದುಬಿಡುತ್ತದೆ ಎಂದು ಶಿಗೆಯ ಪರವಾಗಿ ಮಾತನಾಡುವವಳು ನೊರಿಕೊ. ಆ ಹೊತ್ತಿಗೆ ಪ್ರೇಕ್ಷಕರಿಗೂ ಶಿಗೆಯ ಮೇಲೆ ಸಿಟ್ಟು ಉಳಿದಿರುತ್ತದೆ, ಆದರೆ ಅವಳನ್ನು ಬಿಟ್ಟುಕೊಡುವ ಮನಸ್ಸು ಇರುವುದಿಲ್ಲ.

ಹಲವು ಪಾತ್ರಗಳಿರುವ ಕೌಟುಂಬಿಕ ಚಿತ್ರಗಳನ್ನು ನಾನು ಮತ್ತೆ ಮತ್ತೆ ನೋಡುವುದು ಈ ಇಬ್ಬಂದಿತನಕ್ಕಾಗಿಯೇ. ಒಬ್ಬನೇ ನಾಯಕನಿರುವ ಚಿತ್ರದಲ್ಲಿ ಅವನ ಕುಂದೆಂಬುದು ಕಥೆ ಮುಗಿಯುವುದರೊಳಗೆ ಅವನು ದಾಟಬೇಕಾದ ಅಡ್ಡಿ: ಕೋಪಿಷ್ಠ ತಾಳ್ಮೆ ಕಲಿಯುತ್ತಾನೆ, ಹೇಡಿ ಧೈರ್ಯ ತಂದುಕೊಳ್ಳುತ್ತಾನೆ. ಕುಟುಂಬದ ಚಿತ್ರದಲ್ಲಿ ಹಾಗಲ್ಲ. ಇಲ್ಲಿ ಒಬ್ಬರ ಕುಂದು ನಡುಮನೆಯಲ್ಲಿ ಬಹಳ ವರ್ಷಗಳಿಂದ ಕುಳಿತಿರುವ ದೊಡ್ಡ ಪೆಟ್ಟಿಗೆಯಂತೆ. ಯಾರೂ ಅದನ್ನು ಸರಿಸುವುದಿಲ್ಲ, ಕತ್ತಲಲ್ಲಿಯೂ ಎಡವದೆ ಅದರ ಪಕ್ಕದಲ್ಲಿ ನಡೆದುಹೋಗುವುದನ್ನು ಎಲ್ಲರೂ ಕಲಿತಿರುತ್ತಾರೆ. ಅಪ್ಪನಿಗೆ ಸಿಟ್ಟು ಬರುವ ವಿಷಯ ಎದ್ದ ತಕ್ಷಣ ಮಗಳು ಬೇರೆ ಮಾತು ತೆಗೆಯುವುದು, ಸಾಲಗಾರ ತಮ್ಮ ಒಳಗೆ ಬಂದಾಗ ಅಣ್ಣ ಜೇಬು ಮುಟ್ಟಿ ನೋಡಿಕೊಳ್ಳುವುದು, ತಾಯಿ ಹೇಳುವ ಸುಳ್ಳಿಗೆ ಎಲ್ಲರೂ ಅಭ್ಯಾಸಬಲದಿಂದ ತಲೆಯಾಡಿಸುವುದು: ಇಂಥ ಹೊಂದಾಣಿಕೆಗಳನ್ನು ಎಷ್ಟು ಸೂಕ್ಷ್ಮವಾಗಿ ಗಮನಿಸಲಾಗಿದೆ ಎನ್ನುವುದರ ಮೇಲೆ ಚಿತ್ರದ ಯೋಗ್ಯತೆ ನಿಂತಿದೆ ಎಂಬುದು ನನ್ನ ಎಣಿಕೆ. ಪಾತ್ರವೊಂದು ನಮಗೆ ಹತ್ತಿರವಾಗುವುದು ಅದರ ಒಳ್ಳೆಯತನ ಕೆಟ್ಟತನವನ್ನು ತೂಗಿಸಿದಾಗ ಅಲ್ಲ. ಅದರೊಂದಿಗೆ ಬಾಳಿದವರು ಅದರ ಸುತ್ತ ಹೇಗೆ ಬದುಕಲು ಕಲಿತಿದ್ದಾರೆ ಎಂಬುದು ಕಂಡಾಗ.

ಹೀಗಾಗಿ ಊಟದ ದೃಶ್ಯವೇ ಈ ಬಗೆಯ ಚಿತ್ರಗಳ ಅಗ್ನಿಪರೀಕ್ಷೆ. ಎಂಟು ಹತ್ತು ಜನ ಒಟ್ಟಿಗೆ ಕುಳಿತು ಮಾತನಾಡುವುದನ್ನು ಚಿತ್ರೀಕರಿಸುವುದು ಹೊಡೆದಾಟವನ್ನು ಚಿತ್ರೀಕರಿಸುವುದಕ್ಕಿಂತ ಸುಲಭವೇನಲ್ಲ. ಯಾರು ಯಾರನ್ನು ನೋಡುತ್ತಿದ್ದಾರೆ ಎಂಬುದು ಒಂದು ಶಾಟ್‌ನಿಂದ ಇನ್ನೊಂದಕ್ಕೆ ತಪ್ಪದೆ ಕೂಡಿಬರಬೇಕು, ಒಬ್ಬರು ಮಾತನಾಡುವಾಗ ಉಳಿದವರೆಲ್ಲ ಏನಾದರೂ ಮಾಡುತ್ತಿರಬೇಕು, ಮತ್ತು ಆ ‘ಏನಾದರೂ’ ಎಂಬುದು ಅವರವರ ಸ್ವಭಾವಕ್ಕೆ ತಕ್ಕದ್ದಾಗಿರಬೇಕು. ಅಮೆರಿಕದ ರಾಬರ್ಟ್ ಆಲ್ಟ್‌ಮನ್ 1975ರ ‘ನ್ಯಾಶ್‌ವಿಲ್’ನಲ್ಲಿ 24 ಪಾತ್ರಗಳನ್ನು ಇಟ್ಟು, 1978ರ ‘ಎ ವೆಡ್ಡಿಂಗ್’ನಲ್ಲಿ ಆ ಸಂಖ್ಯೆಯನ್ನು ನೇರವಾಗಿ ಎರಡರಷ್ಟು, ಅಂದರೆ 48 ಮಾಡಿದರು. ನಟರಿಗೆ ಪ್ರತ್ಯೇಕ ಮೈಕ್ ಕಟ್ಟಿ, ಹಲವು ಟ್ರ್ಯಾಕ್‌ಗಳಲ್ಲಿ ಧ್ವನಿ ಮುದ್ರಿಸಿಕೊಳ್ಳುತ್ತಿದ್ದುದರಿಂದ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳಲು ಅವರು ಬಿಡಬಹುದಾಗಿತ್ತು. ಮನೆಗಳಲ್ಲಿ ಜನ ಮಾತನಾಡುವುದೇ ಹಾಗಲ್ಲವೇ? ಆದರೂ ನನ್ನ ಅಭಿಪ್ರಾಯದಲ್ಲಿ 48 ಜನರ ಚಿತ್ರ ಸ್ವಲ್ಪ ತಣ್ಣಗೆ ಉಳಿದುಬಿಡುತ್ತದೆ. ಜನ ಹೆಚ್ಚಿದಷ್ಟೂ ಒಬ್ಬೊಬ್ಬರಿಗೂ ಒಂದೊಂದು ಚಟ, ಒಂದೊಂದು ಗುಟ್ಟು ಅಂಟಿಸಿ ಗುರುತು ಹಿಡಿಸಬೇಕಾಗುತ್ತದೆ, ಮತ್ತು ಗುರುತು ಸಿಕ್ಕುವುದು ಒಂದು, ಒಡನಾಟ ಬೆಳೆಯುವುದು ಇನ್ನೊಂದು.

ಇದಕ್ಕಿಂತ ದೊಡ್ಡ ತೊಡಕು ಬರವಣಿಗೆಯದು. ಒಂದೇ ಮನೆಯಲ್ಲಿ ಬೆಳೆದವರು ತಮಗೆ ಗೊತ್ತಿರುವುದನ್ನು ಒಬ್ಬರಿಗೊಬ್ಬರು ವಿವರಿಸಿಕೊಳ್ಳುವುದಿಲ್ಲ. ‘ಹತ್ತು ವರ್ಷಗಳ ಹಿಂದೆ ನೀನು ಓದು ಬಿಟ್ಟು ಓಡಿಹೋದಾಗ’ ಎಂದು ಅಣ್ಣ ತಮ್ಮನಿಗೆ ಪೂರ್ತಿ ವಾಕ್ಯದಲ್ಲಿ ಹೇಳಿದರೆ, ಅದು ನಮಗಾಗಿ ಹೇಳಿಸಿದ ಮಾತು ಎಂದು ಕಿವಿಗೆ ತಿಳಿದುಬಿಡುತ್ತದೆ. ಆದ್ದರಿಂದಲೇ ಜಾಣ ಬರಹಗಾರರು ಹೊರಗಿನವರೊಬ್ಬರನ್ನು ಒಳಗೆ ತರುತ್ತಾರೆ: ಹೊಸ ಸೊಸೆ, ಭಾವೀ ಅಳಿಯ, ಮಗನ ಸ್ನೇಹಿತೆ. ಶಕುನ್ ಬಾತ್ರಾ ನಿರ್ದೇಶನದ 2016ರ ಹಿಂದಿ ಚಿತ್ರ ‘ಕಪೂರ್ ಅಂಡ್ ಸನ್ಸ್’ ಈ ತಂತ್ರವನ್ನು ಪ್ಲಂಬರ್ ಒಬ್ಬನ ಮೇಲೆ ಪ್ರಯೋಗಿಸುತ್ತದೆ. ಅವನು ಸೋರುವ ಕೊಳಾಯಿ ನೋಡಲು ಬಂದವನು. ಅವನ ಮುಂದೆಯೇ ತಂದೆ ತಾಯಿ ಮಕ್ಕಳು ಒಬ್ಬರ ಮೇಲೊಬ್ಬರು ಕಿರುಚಾಡುತ್ತಾರೆ, ಹಳೆಯ ಲೆಕ್ಕಗಳೆಲ್ಲ ಹೊರಗೆ ಬರುತ್ತವೆ, ಅವನಿಗೆ ಇರಲೂ ಆಗುವುದಿಲ್ಲ, ಹೋಗಲೂ ಆಗುವುದಿಲ್ಲ. ನಗು ಬರುವುದು ಜಗಳದ ಮಾತಿಗಲ್ಲ, ಅವನ ಸಂಕೋಚಕ್ಕೆ. ಅವನು ಕೆಲಸದವನಾದ್ದರಿಂದ ಅವನಿದ್ದಾನೆಂಬುದೇ ಮನೆಯವರ ಗಮನಕ್ಕೆ ಬಾರದಿರುವುದು ಆ ಕುಟುಂಬದ ಬಗ್ಗೆ ಬೇರೆಯದೇ ಒಂದು ಸಂಗತಿಯನ್ನು ಹೇಳುತ್ತದೆ, ಮತ್ತು ಅದನ್ನು ಚಿತ್ರ ಒತ್ತಿ ಹೇಳುವುದಿಲ್ಲ.

ಇನ್ನು ನನಗೆ ಈ ಪ್ರಕಾರದಲ್ಲಿ ಎಲ್ಲಕ್ಕಿಂತ ಹತ್ತಿರದ ಚಿತ್ರದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು. ಹಿರೊಕಾಝು ಕೊರೆಎಡಾ 2008ರಲ್ಲಿ ಮಾಡಿದ ‘ಸ್ಟಿಲ್ ವಾಕಿಂಗ್’ ಹೆಚ್ಚುಕಡಿಮೆ ಒಂದು ಹಗಲು, ಒಂದು ರಾತ್ರಿಯ ಕಥೆ. ಸಮುದ್ರದಲ್ಲಿ ಮುಳುಗುತ್ತಿದ್ದ ಹುಡುಗನೊಬ್ಬನನ್ನು ಉಳಿಸಲು ಹೋಗಿ ಸತ್ತ ಹಿರಿಯ ಮಗ ಜುನ್‌ಪೇಯ ಪುಣ್ಯತಿಥಿಗೆಂದು ಯೊಕೊಯಾಮ ಕುಟುಂಬ ಒಟ್ಟುಗೂಡುತ್ತದೆ. ತಂದೆ ನಿವೃತ್ತ ವೈದ್ಯ. ರೋಗಿಗಳು ಬರದ ತನ್ನ ಚಿಕಿತ್ಸಾ ಕೊಠಡಿಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿರುತ್ತಾನೆ. ಎರಡನೆಯ ಮಗ ರಿಯೋತಾ ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವವನು, ಸದ್ಯಕ್ಕೆ ಕೆಲಸವಿಲ್ಲ, ಅದನ್ನು ಮನೆಯಲ್ಲಿ ಹೇಳುವ ಧೈರ್ಯವಿಲ್ಲ. ಅವನು ಮದುವೆಯಾಗಿರುವುದು ಗಂಡನನ್ನು ಕಳೆದುಕೊಂಡವಳನ್ನು. ಅವಳ ಮೊದಲ ಮದುವೆಯ ಮಗನೂ ಜೊತೆಗಿದ್ದಾನೆ. ಮಗಳಿಗೆ ಗಂಡ ಮಕ್ಕಳೊಂದಿಗೆ ಈ ಮನೆಗೇ ಬಂದು ಇರುವ ಆಸೆ. ಇವರೆಲ್ಲರ ನಡುವೆ, ಅಡುಗೆಮನೆಯಿಂದ ಕದಲದೆ, ಎಲ್ಲರನ್ನೂ ನಗಿಸುತ್ತ, ಒಬ್ಬೊಬ್ಬರಿಗೂ ಒಂದೊಂದು ಸಣ್ಣ ಚುಚ್ಚುಮಾತು ಬಡಿಸುತ್ತ ಇರುವ ತಾಯಿ ತೊಶಿಕೊ. ಕಿರಿನ್ ಕಿಕಿ ಆ ಪಾತ್ರವನ್ನು ನಿಭಾಯಿಸಿದ ರೀತಿಗೆ ಸಾಟಿಯಾದ ನಟನೆಯನ್ನು ನಾನು ಹೆಚ್ಚು ಕಂಡಿಲ್ಲ. ಕೈಗಳು ಕೆಲಸ ಮಾಡುತ್ತಲೇ ಇರುತ್ತವೆ, ಮುಖದಲ್ಲಿ ನಗುವಿರುತ್ತದೆ, ಮತ್ತು ಅತ್ಯಂತ ಕ್ರೂರವಾದ ಮಾತು ಆ ನಗುವಿನ ಧಾಟಿಯಲ್ಲಿಯೇ ಹೊರಬೀಳುತ್ತದೆ.

ಮಧ್ಯಾಹ್ನ ಯೊಶಿಯೊ ಬರುತ್ತಾನೆ. ಜುನ್‌ಪೇ ಪ್ರಾಣ ಕೊಟ್ಟು ಉಳಿಸಿದ ಹುಡುಗ ಅವನೇ. ಈಗ ದಪ್ಪಗೆ ಬೆಳೆದಿದ್ದಾನೆ, ಬೆವರುತ್ತಾನೆ, ಕುಳಿತಲ್ಲಿ ಕಾಲು ಜೋಮು ಹಿಡಿದು ಏಳಲು ಕಷ್ಟಪಡುತ್ತಾನೆ, ಹೇಳಿಕೊಳ್ಳುವಂಥ ಉದ್ಯೋಗವೂ ಇಲ್ಲ. ಬದುಕಿರುವುದಕ್ಕಾಗಿ ಮತ್ತೆ ಮತ್ತೆ ಕ್ಷಮೆ ಕೇಳಿ ಹೋಗುತ್ತಾನೆ. ಅವನು ಹೋದ ಮೇಲೆ ಮನೆಯವರು ನಗುತ್ತಾರೆ. ಇಂಥವನಿಗಾಗಿ ನನ್ನ ಮಗ ಸಾಯಬೇಕಿತ್ತೇ ಎಂದು ತಂದೆ ಗುಡುಗುತ್ತಾನೆ. ರಾತ್ರಿ ರಿಯೋತಾ ತಾಯಿಗೆ, ಇನ್ನು ಆ ಹುಡುಗನನ್ನು ಕರೆಯುವುದು ಬೇಡ, ಪಾಪ, ಎನ್ನುತ್ತಾನೆ. ತೊಶಿಕೊ ಕೈಯಲ್ಲಿದ್ದ ಕೆಲಸ ನಿಲ್ಲಿಸದೆ ಉತ್ತರಿಸುತ್ತಾಳೆ: ಕರೆಯುವುದೇ ಅದಕ್ಕಾಗಿ, ದ್ವೇಷಿಸಲು ಯಾರೂ ಇಲ್ಲದಿದ್ದರೆ ಇನ್ನೂ ಕಷ್ಟ, ವರ್ಷಕ್ಕೊಮ್ಮೆ ಅವನೂ ಸಂಕಟಪಡಲಿ.

ಹಗಲೆಲ್ಲ ಉಣಬಡಿಸಿದ ಆ ಮುದುಕಿಯ ಬಾಯಿಯಿಂದ ಈ ಮಾತು ಬಂದಾಗ ಮೈ ಜುಮ್ಮೆನ್ನುತ್ತದೆ. ಆದರೆ ಗಮನಿಸಬೇಕಾದದ್ದು, ಈ ಮಾತಿನಿಂದ ಹಗಲಿನ ಅವಳ ವಾತ್ಸಲ್ಯ ಸುಳ್ಳಾಗುವುದಿಲ್ಲ ಎಂಬುದನ್ನು. ಮಗನನ್ನು ಮರೆಯದಿರುವ ಛಲವೇ ಅವಳನ್ನು ಊಟದ ಸಾಲಿನಲ್ಲಿ ಪ್ರೀತಿಯ ತಾಯಿಯನ್ನಾಗಿಯೂ ಯೊಶಿಯೊನ ಪಾಲಿಗೆ ನಿರ್ದಯಿಯನ್ನಾಗಿಯೂ ಮಾಡಿದೆ; ಬೇರು ಒಂದೇ. ಸಾಧಾರಣ ಚಿತ್ರವಾಗಿದ್ದರೆ ಮರುದಿನ ಬೆಳಿಗ್ಗೆ ಅವಳು ಯೊಶಿಯೊನನ್ನು ಹುಡುಕಿಕೊಂಡು ಹೋಗಿ ತಬ್ಬಿಕೊಳ್ಳುತ್ತಿದ್ದಳು. ಕೊರೆಎಡಾ ಹಾಗೆ ಮಾಡುವುದಿಲ್ಲ. ಅದರ ಬದಲು ಇನ್ನೊಂದು ಹಳೆಯ ಗಾಯವನ್ನು, ಅದೂ ಹಾಸ್ಯದ ರೂಪದಲ್ಲಿ, ತೆರೆದು ತೋರಿಸುತ್ತಾರೆ. ಸಂಜೆ ತೊಶಿಕೊ ಒಂದು ಹಳೆಯ ಜನಪ್ರಿಯ ಹಾಡಿನ ರೆಕಾರ್ಡ್ ಹಾಕಿಸುತ್ತಾಳೆ. ಯಾರಿಗೂ ಏನೂ ಅನ್ನಿಸುವುದಿಲ್ಲ, ಗಂಡನನ್ನು ಬಿಟ್ಟು. ವರ್ಷಗಳ ಹಿಂದೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಅವನನ್ನು ಹುಡುಕಿ ಹೋದಾಗ, ಇನ್ನೊಬ್ಬ ಹೆಂಗಸಿನ ಮನೆಯೊಳಗಿಂದ ಅವನು ಆ ಹಾಡನ್ನು ಗುನುಗುವುದು ಕೇಳಿಸಿತ್ತು. ಅವಳು ಬಾಗಿಲು ತಟ್ಟದೆ ಹಿಂದಿರುಗಿ, ಆ ರೆಕಾರ್ಡನ್ನು ಕೊಂಡುಕೊಂಡಿದ್ದಳು. ಅದನ್ನು ಅವಳು ಗಂಡನಿಗೆ ಹೇಳುವುದು ಸ್ನಾನದ ಮನೆಯ ಬಾಗಿಲಾಚೆಯಿಂದ, ಟವೆಲ್ಲೋ ಏನೋ ಕೊಡುವ ನೆಪದಲ್ಲಿ ಎಂಬಂತೆ. ದಶಕಗಳ ಕಾಲ ಇಟ್ಟುಕೊಂಡ ಆಯುಧವನ್ನು ಎಷ್ಟು ಹಗುರವಾಗಿ ಬೀಸಿದಳೆಂದರೆ, ತಗುಲಿದ್ದು ಅವನೊಬ್ಬನಿಗೇ.

ಸಂಸಾರದೊಳಗಿನ ಹಗೆತನ ಎಂಬುದಕ್ಕೆ ಇದಕ್ಕಿಂತ ಸತ್ಯವಾದ ಚಿತ್ರಣ ನನಗೆ ಗೊತ್ತಿಲ್ಲ. ಹೊರಗಿನ ಶತ್ರುವಿನ ಮೇಲೆ ಸೇಡು ತೀರಿಸಿಕೊಂಡರೆ ಕಥೆ ಮುಗಿಯುತ್ತದೆ. ಇಲ್ಲಿ ಸೇಡು ತೀರಿಸಿಕೊಂಡ ಮೇಲೂ ಅವನಿಗೇ ಹಾಸಿಗೆ ಹಾಸಬೇಕು. ಪ್ರತೀಕಾರ ಮತ್ತು ಪಾಲನೆ ಎರಡೂ ಅದೇ ಕೈಗಳ ಕೆಲಸವಾದ್ದರಿಂದ ಎರಡಕ್ಕೂ ಒಂದು ಮಿತಿ ತಾನಾಗಿ ಬಂದುಬಿಡುತ್ತದೆ. ಕೊರೆಎಡಾ ಈ ಚಿತ್ರವನ್ನು ತಮ್ಮ ತಾಯಿ ತೀರಿಕೊಂಡ ಬಳಿಕ ಮಾಡಿದರು. ದುಃಖದಲ್ಲಿರುವ ಮಗ ತಾಯಿಯನ್ನು ದೇವತೆಯಾಗಿಸುವುದು ಸಹಜವಾಗಿತ್ತು. ಅವರು ಅವಳಿಗೆ ನಾಲಗೆಯ ಮುಳ್ಳನ್ನೂ ಉಳಿಸಿಕೊಟ್ಟರು, ಅದು ದೊಡ್ಡ ಗೌರವ ಎಂದು ನಾನು ತಿಳಿದಿದ್ದೇನೆ.

ತೈವಾನಿನ ಎಡ್ವರ್ಡ್ ಯಾಂಗ್ ಅವರ ‘ಯಿ ಯಿ’ ಇದಕ್ಕೆ ಪೂರ್ತಿ ಬೇರೆ ದಾರಿ ಹಿಡಿಯುತ್ತದೆ. 2000ದಲ್ಲಿ ಕಾನ್ ಚಿತ್ರೋತ್ಸವದಲ್ಲಿ ಯಾಂಗ್‌ಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ತಂದ, ಮೂರು ಗಂಟೆಗೆ ಸ್ವಲ್ಪ ಕಡಿಮೆ ಉದ್ದದ ಈ ಚಿತ್ರ ಮದುವೆಯಿಂದ ಶುರುವಾಗಿ ಅಂತ್ಯಸಂಸ್ಕಾರದಲ್ಲಿ ಮುಗಿಯುತ್ತದೆ. ನಡುವೆ ಮನೆಯ ಅಜ್ಜಿ ಪ್ರಜ್ಞೆ ತಪ್ಪಿ ಹಾಸಿಗೆ ಹಿಡಿಯುತ್ತಾಳೆ; ಅವಳೊಂದಿಗೆ ಮಾತನಾಡುತ್ತಿರಿ ಎಂದು ವೈದ್ಯರು ಹೇಳುತ್ತಾರೆ. ಹೀಗೆ ಒಬ್ಬೊಬ್ಬರೂ ಸರದಿಯಂತೆ, ಉತ್ತರ ಕೊಡದ ಒಬ್ಬಳೇ ಕೇಳುಗಳ ಮುಂದೆ ಕುಳಿತುಕೊಳ್ಳಬೇಕಾಗುತ್ತದೆ. ಮಗಳು ಮಿನ್-ಮಿನ್ ಕೆಲವೇ ದಿನಗಳಲ್ಲಿ ಕುಸಿದು ಅಳುತ್ತಾಳೆ: ದಿನವೆಲ್ಲ ಏನು ಮಾಡಿದೆನೆಂದು ಹೇಳಹೊರಟರೆ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ, ಮತ್ತು ನಿನ್ನೆಯದೂ ಅದೇ, ನಾಳೆಯದೂ ಅದೇ. ಮೊಮ್ಮಗಳು ಟಿಂಗ್-ಟಿಂಗ್, ತಾನು ಮರೆತುಬಿಟ್ಟ ಕಸದ ಚೀಲದಿಂದಾಗಿಯೇ ಅಜ್ಜಿಗೆ ಹೀಗಾಯಿತೆಂಬ ಗುಮಾನಿಯನ್ನು ಯಾರಿಗೂ ಹೇಳದೆ ಹೊತ್ತು ತಿರುಗುತ್ತಾಳೆ. ಒಂದೇ ಸೂರಿನಡಿ ಇರುವವರು ಪರಸ್ಪರ ಹೇಳಿಕೊಳ್ಳಲಾರದ್ದನ್ನು ಪ್ರಜ್ಞೆಯಿಲ್ಲದವಳಿಗೆ ಹೇಳುತ್ತಾರೆ, ಅಥವಾ ಅವಳಿಗೂ ಹೇಳಲಾರದೆ ಹೋಗುತ್ತಾರೆ. ಊಟದ ಮೇಜು ಮಾಡುವ ಕೆಲಸವನ್ನು ಇಲ್ಲಿ ರೋಗಿಯ ಹಾಸಿಗೆ ಮಾಡುತ್ತದೆ. ತೊಶಿಕೊಳ ಮನೆಯಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು, ಯಾರೂ ಆಡುವುದಿಲ್ಲ. ಇಲ್ಲಿ ಯಾರಿಗೂ ಇನ್ನೊಬ್ಬರದು ಗೊತ್ತಿಲ್ಲ, ನಮಗೆ ಮಾತ್ರ ಎಲ್ಲರದೂ ಗೊತ್ತು. ಆ ಜ್ಞಾನದಿಂದಾಗಿಯೇ, ಸಾಲ ಮಾಡಿಕೊಂಡು ಶುಭ ಮುಹೂರ್ತಗಳನ್ನು ನಂಬಿ ಕೂರುವ ಸೋದರಮಾವನಂಥ ಹಗುರ ಮನುಷ್ಯನ ಬಗ್ಗೆಯೂ ನಮಗೆ ಕನಿಕರ ಹುಟ್ಟುತ್ತದೆ.

ಯಾರಿಗೆ ಎಷ್ಟು ಗೊತ್ತು ಎಂಬ ಈ ಹಂಚಿಕೆಯನ್ನು ನಟರ ಮಟ್ಟಕ್ಕೇ ಒಯ್ದವರು ಬ್ರಿಟನ್ನಿನ ಮೈಕ್ ಲೀ. ಅವರ ಪದ್ಧತಿಯಲ್ಲಿ ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ, ಸಂಭಾಷಣೆ ಆ ತಾಲೀಮಿನಿಂದಲೇ ಹುಟ್ಟುತ್ತದೆ, ಮತ್ತು ಪ್ರತಿಯೊಬ್ಬ ನಟನಿಗೂ ತನ್ನ ಪಾತ್ರಕ್ಕೆ ತಿಳಿದಿರುವುದಷ್ಟೇ ತಿಳಿದಿರುತ್ತದೆ. 1996ರಲ್ಲಿ ಕಾನ್‌ನ ಪಾಮ್ ಡಿ ಓರ್ ಪಡೆದ ‘ಸೀಕ್ರೆಟ್ಸ್ ಅಂಡ್ ಲೈಸ್’ನ ಕೊನೆಯ ಹುಟ್ಟುಹಬ್ಬದ ಕೂಟದಲ್ಲಿ ಗುಟ್ಟುಗಳು ಒಂದರ ಹಿಂದೊಂದು ಬಿಚ್ಚಿಕೊಳ್ಳುವಾಗ, ಮುಖಗಳ ಮೇಲೆ ಕಾಣುವ ಗಲಿಬಿಲಿ ಎಲ್ಲಿಂದ ಬಂತೆಂಬುದು ಇದರಿಂದ ಅರ್ಥವಾಗುತ್ತದೆ. ಎಲ್ಲ ಚಿತ್ರಗಳಿಗೂ ಈ ದಾರಿ ಸಲ್ಲದು; ಇಷ್ಟು ಪುರುಸೊತ್ತನ್ನು ನಿರ್ಮಾಪಕರು ಯಾರಿಗೆ ಕೊಡುತ್ತಾರೆ?

ನಮ್ಮ ಭಾಷೆಯಲ್ಲಿ ಈ ಸಾಲಿಗೆ ಸೇರುವ ಚಿತ್ರವೆಂದರೆ, ತಕ್ಷಣ ನೆನಪಾಗುವುದು ರಾಮ್ ರೆಡ್ಡಿ ನಿರ್ದೇಶಿಸಿ ಈರೇಗೌಡ ಬರವಣಿಗೆಯಲ್ಲಿ ಜೊತೆಯಾದ ‘ತಿಥಿ’. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು ಮರುವರ್ಷ ಚಿತ್ರಮಂದಿರಗಳಿಗೆ ಬಂದ ಇದನ್ನು ಎಲ್ಲರೂ ಹಳ್ಳಿಯ ಚಿತ್ರವೆಂದೋ, ವೃತ್ತಿನಟರಲ್ಲದವರ ಸಾಹಸವೆಂದೋ ನೆನೆಯುತ್ತಾರೆ. ನಾನು ಇದನ್ನು ಒಂದು ಕುಟುಂಬದ ಕಥೆಯೆಂದೇ ಓದುತ್ತೇನೆ. ನೂರು ದಾಟಿದ ಸೆಂಚುರಿ ಗೌಡ, ದಾರಿಹೋಕರನ್ನೆಲ್ಲ ಬಾಯಿಗೆ ಬಂದಂತೆ ಬೈದು, ಅಲ್ಲಿಯೇ ಸ್ವಲ್ಪ ದೂರದಲ್ಲಿ ಬಿದ್ದು ಸಾಯುತ್ತಾನೆ. ಅವನ ಮಗ ಗಡ್ಡಪ್ಪನಿಗೆ ಆಸ್ತಿ ಬೇಡ, ಮನೆ ಬೇಡ, ಕುಡಿಯುತ್ತ ಅಲೆಯುವುದಷ್ಟೇ ಬೇಕು. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಿ ಹಣ ಮಾಡಿಕೊಳ್ಳುವ ಅವಸರ. ಅಪ್ಪ ಸಹಿ ಹಾಕದಿದ್ದಾಗ, ಬದುಕಿರುವ ಅಪ್ಪನ ಹೆಸರಿನಲ್ಲಿ ಮರಣ ಪ್ರಮಾಣಪತ್ರ ಮಾಡಿಸುವವರೆಗೆ ಹೋಗುತ್ತಾನೆ. ಮರಿಮಗ ಅಭಿಗೆ ಕುರಿಗಾಹಿ ಹುಡುಗಿಯೊಬ್ಬಳ ಹಿಂದೆ ಸುತ್ತುವುದು ಬಿಟ್ಟು ಬೇರೆ ಚಿಂತೆಯಿಲ್ಲ. ನಾಲ್ಕು ತಲೆಮಾರಿನ ಈ ಗಂಡಸರಲ್ಲಿ ಮೆಚ್ಚಿಕೊಳ್ಳಬಹುದಾದ ನಡತೆ ಒಬ್ಬರಲ್ಲೂ ಇಲ್ಲ. ಆದರೂ ಅವರಲ್ಲಿ ಯಾರೊಬ್ಬರು ತೆರೆಯಿಂದ ಮರೆಯಾದರೂ ಬೇಸರವಾಗುತ್ತದೆ.

ಏಕೆ ಹೀಗೆ? ಗಡ್ಡಪ್ಪನನ್ನು ಋಷಿಯೆಂದು ಕೊಂಡಾಡಿ, ತಮ್ಮಣ್ಣನನ್ನು ಲೋಭಿಯೆಂದು ತೆಗಳುವ ಓದು ಸುಲಭ, ಮತ್ತು ನನಗೆ ಅದು ಒಪ್ಪಿಗೆಯಿಲ್ಲ. ತಮ್ಮಣ್ಣನ ಲೋಭವನ್ನು ಗಡ್ಡಪ್ಪನ ವೈರಾಗ್ಯವೇ ಹುಟ್ಟಿಸಿದೆ. ಮನೆಯ ಹೊಣೆಯನ್ನು ಕೊಡವಿಕೊಂಡು ಅಪ್ಪ ಬಯಲಿಗೆ ನಡೆದರೆ, ಸಾಲ, ಅಡುಗೆ, ಮಗನ ಭವಿಷ್ಯ, ಅಜ್ಜನ ತಿಥಿಯ ಖರ್ಚು ಎಲ್ಲವೂ ಬೀಳುವುದು ಮಗನ ಹೆಗಲ ಮೇಲೆ. ಗಡ್ಡಪ್ಪನ ವೈರಾಗ್ಯಕ್ಕೂ ಒಂದು ಹಿನ್ನೆಲೆಯಿದೆ. ಕುರಿಗಾಹಿಗಳ ನಡುವೆ ಕುಳಿತು ಅವನು ಹೇಳುವ ಕಥೆಯಲ್ಲಿ, ಹೆಂಡತಿಯ ವಿಷಯದಲ್ಲಿ ತನ್ನ ತಂದೆಯೇ ಮಾಡಿದ ದ್ರೋಹ ಹೊರಬರುತ್ತದೆ. ಊರಿಗೆಲ್ಲ ಮೋಜಿನ ಮುದುಕನಾಗಿದ್ದ ಸೆಂಚುರಿ ಗೌಡ ಆಗ ಬೇರೆಯೇ ಆಗಿ ಕಾಣತೊಡಗುತ್ತಾನೆ. ಒಬ್ಬನ ತಪ್ಪು ಮುಂದಿನವನ ಸ್ವಭಾವವಾಗಿ, ಅವನ ಸ್ವಭಾವ ಅದರ ಮುಂದಿನವನ ಸಂಕಷ್ಟವಾಗಿ ಇಳಿದುಬಂದಿದೆ, ಜಮೀನು ಮಾತ್ರ ಇಳಿದುಬಂದಿಲ್ಲ. ಇದನ್ನೆಲ್ಲ ಚಿತ್ರ ಗಂಭೀರ ಸ್ವರದಲ್ಲಿ ಹೇಳಿದ್ದರೆ ನಾವು ತಲೆದೂಗಿ ಎದ್ದುಬರುತ್ತಿದ್ದೆವು. ನಗಿಸುತ್ತ ಹೇಳಿದ್ದರಿಂದ ತಮ್ಮಣ್ಣನ ಫಜೀತಿಗೆ ನಕ್ಕ ನಗುವಿಗೆ ನಾವೇ ಲೆಕ್ಕ ಕೊಡಬೇಕಾಗುತ್ತದೆ.

ಹಾಗಾದರೆ ಎಲ್ಲ ಕುಂದುಗಳೂ ಮುದ್ದಾಗಬಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ‘ಮನೆಯೆಂದ ಮೇಲೆ ಇದೆಲ್ಲ ಇದ್ದದ್ದೇ’ ಎಂಬ ಮಾತು ಎಷ್ಟು ಮನೆಗಳಲ್ಲಿ ಎಂಥೆಂಥ ಹಿಂಸೆಗೆ ಪರದೆಯಾಗಿದೆ ಎಂಬುದು ಎಲ್ಲರಿಗೂ ಗೊತ್ತು, ಮತ್ತು ಈ ಬಗೆಯ ಚಿತ್ರಗಳು ಆ ಪರದೆಯನ್ನು ಇನ್ನಷ್ಟು ಚಂದವಾಗಿ ನೇಯ್ದುಕೊಡುವ ಅಪಾಯವಿದೆ. ಥಾಮಸ್ ವಿಂಟರ್‌ಬರ್ಗ್ 1998ರಲ್ಲಿ ಮಾಡಿದ ಡ್ಯಾನಿಶ್ ಚಿತ್ರ ‘ಫೆಸ್ಟೆನ್’ ಈ ಅಪಾಯವನ್ನೇ ವಸ್ತುವಾಗಿಸಿಕೊಂಡಿದೆ. ತಂದೆಯ 60ನೆಯ ಹುಟ್ಟುಹಬ್ಬದ ಔತಣದಲ್ಲಿ ಹಿರಿಯ ಮಗ ಎದ್ದು ನಿಂತು, ಈ ಮನುಷ್ಯ ಬಾಲ್ಯದಲ್ಲಿ ತನ್ನ ಮೇಲೂ, ಈಗ ಬದುಕಿಲ್ಲದ ಅವಳಿ ಸಹೋದರಿಯ ಮೇಲೂ ಎಸಗಿದ ಲೈಂಗಿಕ ದೌರ್ಜನ್ಯವನ್ನು ಹೇಳುತ್ತಾನೆ. ಭಾಷಣ ಮುಗಿಯುತ್ತದೆ, ಅತಿಥಿಗಳು ಊಟ ಮುಂದುವರಿಸುತ್ತಾರೆ. ಸಣ್ಣ ವಿಡಿಯೋ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಚಿತ್ರೀಕರಿಸಿರುವುದರಿಂದ ನಾವೂ ಆ ಮೇಜಿನಲ್ಲಿ ಕುಳಿತ ಅತಿಥಿಗಳೇ ಆಗಿಬಿಡುತ್ತೇವೆ, ಮುಂದಿನ ಬಟ್ಟಲಿಗೆ ಕಾಯುವವರು. ಅದೇ ಮನೆಯ ಕಿರಿಯ ಮಗ ಮೈಕೆಲ್ ಒರಟ, ಕುಡುಕ, ಹೆಂಡತಿಯ ಮೇಲೆ ಎಗರಾಡುವವನು. ಆದರೆ ಮರುದಿನ ಬೆಳಿಗ್ಗೆ ತಂದೆಯ ಬಳಿಗೆ ಹೋಗಿ, ನಾವು ತಿಂಡಿ ತಿನ್ನಬೇಕು, ನೀವು ಇಲ್ಲಿಂದ ಏಳಿ ಎಂದು ಹೇಳುವವನು ಅವನೇ.

ಮಧು ಸಿ. ನಾರಾಯಣನ್ ಅವರ ಮಲಯಾಳಂ ಚಿತ್ರ ‘ಕುಂಬಳಂಗಿ ನೈಟ್ಸ್’ (2019) ಇದೇ ಗೆರೆಯನ್ನು ಬೇರೆ ಕಡೆಯಿಂದ ಎಳೆಯುತ್ತದೆ. ಒಂದು ಕಡೆ ಬಾಗಿಲೂ ಸರಿಯಿಲ್ಲದ ಮನೆಯಲ್ಲಿ ಹೊಡೆದಾಡಿಕೊಂಡಿರುವ ಅಣ್ಣತಮ್ಮಂದಿರು. ಇನ್ನೊಂದು ಕಡೆ ಅಚ್ಚುಕಟ್ಟಾದ ಮನೆಯ ಅಳಿಯ ಶಮ್ಮಿ, ಕನ್ನಡಿಯ ಮುಂದೆ ನಿಂತು ತನ್ನನ್ನು ಪರಿಪೂರ್ಣ ಗಂಡಸೆಂದು ಕರೆದುಕೊಳ್ಳುವವನು. ಹಿರಿಯಣ್ಣ ಸಜಿ ಸೋಮಾರಿ, ಇನ್ನೊಬ್ಬನ ದುಡಿಮೆಯಲ್ಲಿ ತಿನ್ನುವವನು, ಅವನ ದುಡುಕಿನಿಂದ ಒಂದು ಸಾವೂ ಆಗುತ್ತದೆ. ಅದಾದ ಮೇಲೆ ಅವನು ತನಗೆ ಅಳಲು ಆಗುತ್ತಿಲ್ಲವೆಂದು ವೈದ್ಯರ ಬಳಿಗೆ ಹೋಗಿ, ಅಪರಿಚಿತನಾದ ಆ ವೈದ್ಯರ ಎದೆಗೊರಗಿ ಗೋಳೋ ಎಂದು ಅಳುತ್ತಾನೆ. ಇಬ್ಬರಲ್ಲಿ ಹೆಚ್ಚು ಅನಾಹುತ ಮಾಡಿದವರು ಯಾರೆಂದು ಕಥೆಯ ಅರ್ಧದಲ್ಲಿ ಲೆಕ್ಕ ಹಾಕಿದರೆ ಸಜಿಯೇ. ಆದರೂ ಅವನನ್ನು ಒಳಗೆ ಬಿಟ್ಟುಕೊಳ್ಳುತ್ತೇವೆ, ಶಮ್ಮಿಯ ನಗುವಿಗೆ ಮೊದಲ ದೃಶ್ಯದಿಂದಲೇ ಹೆದರುತ್ತೇವೆ. ವ್ಯತ್ಯಾಸ ತಪ್ಪಿನ ಗಾತ್ರದಲ್ಲಿಲ್ಲ, ಎದುರುತ್ತರದಲ್ಲಿದೆ. ಸಜಿಯ ಕೊರಳಪಟ್ಟಿ ಹಿಡಿದು ತಮ್ಮಂದಿರು ಕೇಳಬಲ್ಲರು. ತೊಶಿಕೊಳಿಗೆ ಮಗ, ಇದು ಸರಿಯಲ್ಲ ಎನ್ನಬಲ್ಲ. ಶಮ್ಮಿಯ ಮುಂದೆ, ‘ಫೆಸ್ಟೆನ್’ನ ತಂದೆಯ ಮುಂದೆ, ಬಾಯಿ ತೆರೆಯುವುದೇ ಅಪರಾಧ. ಎದುರುತ್ತರ ಕೊಡಬಹುದಾದ ಮನೆಯಲ್ಲಿ ಮಾತ್ರ ಕುಂದೆಂಬುದು ಸಹ್ಯವಾಗುತ್ತದೆ, ಹಾಸ್ಯವೂ ಆಗುತ್ತದೆ. ಉಳಿದೆಡೆ ಅದೇ ಕುಂದು ಆಳ್ವಿಕೆಯಾಗುತ್ತದೆ, ಮತ್ತು ಅದನ್ನು ಮುದ್ದಾಗಿ ತೋರಿಸುವ ಚಿತ್ರ ಸುಳ್ಳು ಹೇಳುತ್ತಿರುತ್ತದೆ.

ಇನ್ನೊಂದು ಬಗೆಯ ಸುಳ್ಳೂ ಇದೆ, ಇದು ನಿರಪಾಯಕಾರಿ, ಆದರೆ ಕಿರಿಕಿರಿ. ಕುಂದಿನ ಜಾಗದಲ್ಲಿ ವಿಲಕ್ಷಣತೆಯನ್ನು ತಂದಿಡುವುದು. ಒಬ್ಬ ಮಾತೇ ಆಡುವುದಿಲ್ಲ, ಒಬ್ಬಳು ವಿಚಿತ್ರ ಟೋಪಿ ಹಾಕುತ್ತಾಳೆ, ತಾತ ಅಶ್ಲೀಲ ಮಾತಾಡುತ್ತಾನೆ. ಇವುಗಳಿಂದ ಯಾರಿಗೂ ನಷ್ಟವಿಲ್ಲವಾದ್ದರಿಂದ ಇವುಗಳನ್ನು ಸಹಿಸಿಕೊಳ್ಳುವುದರಲ್ಲಿ ಹೆಚ್ಚುಗಾರಿಕೆಯೂ ಇಲ್ಲ. 2006ರ ‘ಲಿಟಲ್ ಮಿಸ್ ಸನ್‌ಶೈನ್’ ಮೊದಲ ಅರ್ಧ ಗಂಟೆ ಈ ಹಳ್ಳಕ್ಕೆ ಬೀಳುವಂತೆಯೇ ಕಾಣುತ್ತದೆ. ಅದನ್ನು ಉಳಿಸುವುದು ಆ ಹಳೆಯ ಹಳದಿ ವ್ಯಾನು. ಅದರ ಕ್ಲಚ್ ಕೆಟ್ಟುಹೋಗಿ, ಎಲ್ಲರೂ ಇಳಿದು ತಳ್ಳಿ, ಓಡುತ್ತಲೇ ಹತ್ತಿಕೊಳ್ಳಬೇಕಾದಾಗ, ಅವರವರ ವಿಲಕ್ಷಣತೆಗಳು ಪಕ್ಕಕ್ಕೆ ಸರಿದು ಯಾರಿಗೆ ಯಾರು ಕೈ ಕೊಡುತ್ತಾರೆ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಬೋಧನೆಯಿಂದ ಆಗದ್ದನ್ನು ಕೆಟ್ಟ ಕ್ಲಚ್ ಮಾಡುತ್ತದೆ, ಚಿತ್ರಕಥೆ ಬರೆದ ಮೈಕೆಲ್ ಆರ್ಂಟ್ ಅವರಿಗೆ ಆಸ್ಕರ್ ಬಂದದ್ದು ಇದಕ್ಕಾಗಿಯೇ ಎಂದು ನಾನು ಭಾವಿಸಿಕೊಂಡಿದ್ದೇನೆ.

ಕೊನೆಗೆ ಬರುವುದು ಮುಕ್ತಾಯದ ಕಷ್ಟ. ಎರಡು ಗಂಟೆ ಕಾಲ ಹತ್ತಾರು ಎಳೆಗಳನ್ನು ಬಿಚ್ಚಿ ಹರಡಿದ ಮೇಲೆ ಎಲ್ಲವನ್ನೂ ಒಂದೇ ಅಪ್ಪುಗೆಯಲ್ಲಿ ಗಂಟುಹಾಕುವ ಆಸೆಯನ್ನು ತಡೆದುಕೊಳ್ಳುವ ನಿರ್ದೇಶಕರು ಕಡಿಮೆ. ಹಬ್ಬವೋ, ಆಸ್ಪತ್ರೆಯೋ, ಸಾವೋ ಬರುತ್ತದೆ, ಸಂಗೀತ ಏರುತ್ತದೆ, ಎಲ್ಲರೂ ಎಲ್ಲರನ್ನೂ ಕ್ಷಮಿಸುತ್ತಾರೆ. ಇಪ್ಪತ್ತು ವರ್ಷಗಳಲ್ಲಿ ಕಟ್ಟಿದ ಹೊಂದಾಣಿಕೆಗಳು ಇಪ್ಪತ್ತು ನಿಮಿಷಗಳಲ್ಲಿ ಅನಗತ್ಯವಾಗಿಬಿಡುತ್ತವೆ, ಮತ್ತು ನಾವು ಇಷ್ಟುಹೊತ್ತು ನೋಡಿ ಹಚ್ಚಿಕೊಂಡ ಜನ ಕಣ್ಣೆದುರೇ ಬೇರೆ ಯಾರೋ ಆಗುತ್ತಾರೆ. ‘ಸ್ಟಿಲ್ ವಾಕಿಂಗ್’ ಇದರಿಂದ ಪಾರಾಗುವುದು ಒಂದು ಸಣ್ಣ ಉಪಾಯದಿಂದ: ಸುಮೋ ಪೈಲ್ವಾನನೊಬ್ಬನ ಹೆಸರು ತಾಯಿ ಮಗ ಇಬ್ಬರಿಗೂ ನೆನಪಾಗುವುದಿಲ್ಲ, ಬಸ್ಸು ಹೊರಟ ಮೇಲೆ ರಿಯೋತಾನಿಗೆ ಥಟ್ಟನೆ ನೆನಪಾಗುತ್ತದೆ. ಹೆಸರು ಸಿಕ್ಕಿತು, ಹೇಳಬೇಕಾದವಳು ಹಿಂದೆ ಉಳಿದಳು. ಅದೇ ಬಸ್ಸಿನಲ್ಲಿ ಅವನು, ಹೊಸ ವರ್ಷಕ್ಕೆ ಬರದಿದ್ದರೂ ನಡೆಯುತ್ತದೆ, ವರ್ಷಕ್ಕೊಮ್ಮೆ ಸಾಕು ಎನ್ನುತ್ತಾನೆ. ಅತ್ತ ತಂದೆ ತಾಯಿ ಹೊಸ ವರ್ಷದ ಭೇಟಿಯನ್ನು ಎದುರು ನೋಡುತ್ತ ಮೆಟ್ಟಿಲು ಹತ್ತುತ್ತಿರುತ್ತಾರೆ.

‘ಕಪೂರ್ ಅಂಡ್ ಸನ್ಸ್’ ಅಷ್ಟು ಸಂಯಮದ ಚಿತ್ರವಲ್ಲ, ಅಪ್ಪುಗೆಗಳು ಅದರಲ್ಲಿ ಸಾಕಷ್ಟಿವೆ. ಸಾಯುವ ನಾಟಕವನ್ನು ಮತ್ತೆ ಮತ್ತೆ ಅಭ್ಯಾಸ ಮಾಡುವ ಅಜ್ಜನಿಗೆ ಇಡೀ ಕುಟುಂಬದ ಒಂದು ಫೋಟೋ ಬೇಕು. ಫೋಟೋ ತೆಗೆಯುವ ದಿನವೇ ಗಂಡನ ಹೊರಸಂಬಂಧ, ಕಿರಿಯ ಮಗನ ಕಥೆಯನ್ನು ತಾಯಿಯೇ ಹಿರಿಯವನಿಗೆ ಕೊಟ್ಟ ಗುಟ್ಟು ಎಲ್ಲವೂ ಸಿಡಿಯುತ್ತವೆ, ಮನೆ ಬಿಟ್ಟು ಹೊರಟ ತಂದೆ ಅಪಘಾತದಲ್ಲಿ ಸಾಯುತ್ತಾನೆ. ಕೊನೆಯಲ್ಲಿ ಅವನ ಆಳೆತ್ತರದ ರಟ್ಟಿನ ಚಿತ್ರವನ್ನು ನಡುವೆ ನಿಲ್ಲಿಸಿಕೊಂಡು ಎಲ್ಲರೂ ಫೋಟೋಗೆ ನಿಲ್ಲುತ್ತಾರೆ. ಕಾಗದದ ಮೇಲೆ ಓದಿದರೆ ಇದು ಅತಿಭಾವುಕವೆನ್ನಿಸುತ್ತದೆ. ತೆರೆಯ ಮೇಲೆ ಹಾಗಾಗದಿರಲು ಕಾರಣ, ಗಂಡ ಹೆಂಡತಿಯ ಆ ಜಗಳ ಅರ್ಧಕ್ಕೇ ನಿಂತುಹೋಗಿರುವುದು. ಅವನು ಕ್ಷಮೆ ಕೇಳಲಾರ, ಅವಳು ಕ್ಷಮಿಸಲೂ ಆರಳು, ಕ್ಷಮಿಸದಿರಲೂ ಆರಳು. ರಟ್ಟಿನ ಪಕ್ಕದಲ್ಲಿ ನಿಂತು ಕ್ಯಾಮೆರಾಗೆ ಮುಖ ಕೊಡಬೇಕಷ್ಟೆ. ಅವನು ಬದುಕಿದ್ದರೆ ಆ ಜಗಳ ಯಾರ ಕಡೆಗೆ ತೀರ್ಮಾನವಾಗಬೇಕಿತ್ತು ಎಂಬ ವಿಷಯದಲ್ಲಿ ನನಗೂ ನನ್ನ ಅಕ್ಕನಿಗೂ ಇನ್ನೂ ಒಮ್ಮತವಿಲ್ಲ. ಅವಳು ಹೆಂಡತಿಯ ಪರ. ಮಗನ ಕಥೆ ಕದ್ದದ್ದನ್ನು ಅಷ್ಟು ಸುಲಭವಾಗಿ ಬಿಟ್ಟುಬಿಡಲು ನನ್ನಿಂದಾಗುವುದಿಲ್ಲ.